ಪಂದ್ಯದಲ್ಲಿ ಸೋತ ಮಗುವನ್ನು ನಡುವೆಯೇ ಮನೆಗೆ ಕರೆತರಬೇಕೆ?

(ತಿರುಮಣಿಯ ಗ್ರಾಮಸ್ಥರ ಸಭೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮಾಡಿದ ಭಾಷಣ)



ಬೀಜ, ಗೊಬ್ಬರ, ಬೋರಿನ ನೀರು ಇವುಗಳ ಮಾತು ನಡೆಯುವ ಸಭೆಯಲ್ಲಿ ಚದುರಂಗದ ಮಾತೇಕೆ ಎಂದು ತಾವು ಕೇಳಬಹುದು. ಕೇಳತಕ್ಕದ್ದೇ. ಆದರೆ ಈಚೆಗೆ ನಮ್ಮ ತಿರುಮಣಿ, ವಳ್ಳೂರು, ಬಾಲಸಮುದ್ರದ ಕಡೆಯ ಮಕ್ಕಳು ಶಾಲೆಯಲ್ಲೂ ಮೊಬೈಲಿನಲ್ಲೂ ಚದುರಂಗ ಕಲಿಯುತ್ತಿದ್ದಾರೆ. ಕಲಿತವರು ಪಂದ್ಯಾವಳಿಗೆ ಹೋಗಬೇಕೆನ್ನುತ್ತಾರೆ. ಆಗ ತಂದೆಯೋ ತಾಯಿಯೋ ಎರಡು ದಿನದ ಕೆಲಸ ಬಿಟ್ಟು, ಪಾವಗಡಕ್ಕೆ ಹೋಗಿ ಬಸ್ಸು ಹಿಡಿದು, ಮಧುಗಿರಿ ಕೊರಟಗೆರೆ ದಾಟಿ ತುಮಕೂರು ಸೇರಬೇಕು. ಪಾವಗಡದಿಂದಲೇ ಸುಮಾರು ನೂರು ಕಿಲೋಮೀಟರು. ಖರ್ಚು ನಮ್ಮದು, ದಣಿವು ನಮ್ಮದು. ಹಾಗೆ ಹೋದ ಮಗು ಮೊದಲ ದಿನವೇ ಮೂರು ಆಟ ಸೋತು, ತಲೆ ತಗ್ಗಿಸಿಕೊಂಡು ಹೊರಗೆ ಬಂದರೆ ಏನು ಮಾಡುವುದು?

ಹೋದ ತಿಂಗಳು ಒಬ್ಬ ರೈತರು ನನ್ನನ್ನು ದಾರಿಯಲ್ಲಿ ತಡೆದು ಇದನ್ನೇ ಕೇಳಿದರು. "ಮೇಷ್ಟ್ರೇ, ಹುಡುಗ ಮೂರಕ್ಕೆ ಮೂರೂ ಸೋತ. ರಾತ್ರಿ ಉಳಿಯುವ ಖರ್ಚು ಬೇರೆ. ಕೊನೆಯ ಬಸ್ಸಿಗೆ ಎಬ್ಬಿಸಿಕೊಂಡು ಬಂದುಬಿಟ್ಟೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಹೇಳಿ" ಎಂದರು. ರಸ್ತೆಯ ಬದಿಯಲ್ಲಿ ನಿಂತು ನನಗೆ ಉತ್ತರ ಹೇಳಲಾಗಲಿಲ್ಲ. ಹೇಳಲಾಗದ್ದಕ್ಕೆ ಕಾರಣವೂ ಉಂಟು. ಹಿಂದೆ ನಾನೂ ಒಮ್ಮೆ ಅದನ್ನೇ ಮಾಡಿದ್ದೇನೆ.

ಇದು ಪಟ್ಟಣದವರ ಆಟ, ನಮಗೆ ಒಗ್ಗದು ಎಂಬ ಮಾತನ್ನು ಮೊದಲು ಬದಿಗಿಡೋಣ. ದೇವಸ್ಥಾನದ ಕಟ್ಟೆಯ ಮೇಲೆ ಗೆರೆ ಕೊರೆದು ಹುಲಿ-ಕುರಿ ಆಡಿದವರ ಮಕ್ಕಳು ನಾವು. ನಮ್ಮಲ್ಲಿ ತೆಲುಗು ಮನೆಮಾತಿನವರು ಅದನ್ನೇ ಪುಲಿ-ಮೇಕ ಎನ್ನುತ್ತಾರೆ. ಇನ್ನು ಚದುರಂಗವಂತೂ ಮೈಸೂರು ಸೀಮೆಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟದ ದೊಡ್ಡ ರಸಿಕರು. ಒಂದೇ ಕುದುರೆ ಮಣೆಯ ಅರುವತ್ತನಾಲ್ಕು ಮನೆಗಳನ್ನೂ ಒಂದೊಂದು ಸಾರಿ ಮಾತ್ರ ಮುಟ್ಟಿ ಬರುವ ಲೆಕ್ಕಗಳನ್ನು ಅವರು ಕಟ್ಟಿದ್ದರು. 1831ರಲ್ಲಿ ಬ್ರಿಟಿಷರು ಅವರಿಂದ ರಾಜ್ಯದ ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ಅವರು ತೀರಿಕೊಳ್ಳುವವರೆಗೂ ಅದು ಅವರ ಕೈಗೆ ಬರಲಿಲ್ಲ. ಆದರೂ ಅವರು ಕೇಳುವುದನ್ನು ಬಿಡಲಿಲ್ಲ. 1881ರಲ್ಲಿ ಆಡಳಿತ ಅವರ ದತ್ತುಪುತ್ರರಿಗೆ ಮರಳಿ ಬಂತು. ಇದು ದೊಡ್ಡವರ ಮಾತು, ಇರಲಿ.

ನನ್ನ ತಪ್ಪನ್ನು ಹೇಳುತ್ತೇನೆ. ಬಹಳ ವರ್ಷದ ಕೆಳಗೆ ನಮ್ಮ ಕಡೆಯ ಒಬ್ಬ ಹುಡುಗನನ್ನು ತುಮಕೂರಿನ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಚುರುಕು ಹುಡುಗ. ಊರಿನಲ್ಲಿ ಅವನನ್ನು ಸೋಲಿಸುವವರಿರಲಿಲ್ಲ, ನನ್ನನ್ನೂ ಸೇರಿಸಿ. ಅಲ್ಲಿ ಮೊದಲ ಆಟ ಇಪ್ಪತ್ತು ನಿಮಿಷದಲ್ಲಿ ಸೋತ. ಎರಡನೆಯ ಆಟದಲ್ಲಿ ಎದುರಿಗೆ ಕುಳಿತವನು ಕುರ್ಚಿಯಿಂದ ಕಾಲು ನೆಲಕ್ಕೆ ಎಟುಕದಷ್ಟು ಚಿಕ್ಕ ಹುಡುಗ. ಅವನ ಕೈಯಲ್ಲೂ ಸೋತ. ಹೊರಗೆ ನಿಂತಿದ್ದ ಒಬ್ಬ ಪೋಷಕರು, "ಹಳ್ಳಿಯಿಂದ ಬಂದಿರಾ?" ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ ಎಂದು ಈಗ ತಿಳಿಯುತ್ತದೆ. ಅಂದು ನನಗೆ ಚುರುಕ್ಕೆಂದಿತು. ಹುಡುಗನ ಕೈ ಹಿಡಿದು ನೇರವಾಗಿ ಬಸ್‌ನಿಲ್ದಾಣಕ್ಕೆ ನಡೆದೆ. ತೀರ್ಪುಗಾರರಿಗೂ ಹೇಳಲಿಲ್ಲ.

ಕೊರಟಗೆರೆ ಕಳೆದು ಮಧುಗಿರಿ ಬೆಟ್ಟ ಕಾಣುವ ಹೊತ್ತಿಗೆ ಹುಡುಗ ಬಾಯಿ ಬಿಟ್ಟ. "ಮೇಷ್ಟ್ರೇ, ಮೂರನೆಯ ಆಟಕ್ಕೆ ನನ್ನ ಹೆಸರು ಹಾಕಿರುತ್ತಾರಲ್ಲವೇ?" ಎಂದ. ಹಾಕಿಯೇ ಇದ್ದರು. ಆ ಹೊತ್ತಿನಲ್ಲಿ ಎಲ್ಲೋ ಒಂದು ಮಗು ಖಾಲಿ ಕುರ್ಚಿಯ ಎದುರು ಕುಳಿತು ಗಡಿಯಾರ ನೋಡುತ್ತಿತ್ತು. ನನ್ನ ಹುಡುಗ ಮತ್ತೆ ಮಣೆ ಮುಟ್ಟಲಿಲ್ಲ. ಈಗ ಅವನು ಬೆಂಗಳೂರಿನಲ್ಲಿ ಗಾಡಿ ಓಡಿಸಿಕೊಂಡು ಚೆನ್ನಾಗಿಯೇ ಇದ್ದಾನೆ. ಊರಿಗೆ ಬಂದಾಗ ಕಾಲಿಗೆ ನಮಸ್ಕಾರ ಮಾಡುತ್ತಾನೆ. ಚದುರಂಗದ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ. ಅವನು ಹೇಗಿದ್ದರೂ ಆಟ ಬಿಡುತ್ತಿದ್ದನೋ ಏನೋ. ಆದರೆ ಅಂದು ಬಿಟ್ಟವನು ಅವನಲ್ಲ, ನಾನು. ಸೋತವನು ಅವನು, ನಾಚಿಕೆಪಟ್ಟವನು ನಾನು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅಂದು ನನಗೆ ಇನ್ನೊಂದು ಸಂಗತಿಯೂ ತಿಳಿದಿರಲಿಲ್ಲ. ಪಂದ್ಯಾವಳಿಯಲ್ಲಿ ಜೋಡಿ ಹಾಕುವ ಕ್ರಮ ಹೇಗೆ ಎಂಬುದು. ತಿಳಿದಿದ್ದರೆ ಬಹುಶಃ ಬಸ್ಸು ಹತ್ತುತ್ತಿರಲಿಲ್ಲ. ಆದಕಾರಣ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಕೇಳಬೇಕು.

ನೂರು ಮಕ್ಕಳು ಬಂದಿದ್ದಾರೆಂದು ಇಟ್ಟುಕೊಳ್ಳಿ. ಎಲ್ಲರೂ ಎಲ್ಲರೊಡನೆ ಆಡಬೇಕೆಂದರೆ 99 ಸುತ್ತು ಬೇಕು, ಎರಡು ದಿನದಲ್ಲಿ ಆಗದು. ಕಬಡ್ಡಿಯಂತೆ ಸೋತವರನ್ನು ಹೊರಗೆ ಕಳುಹಿಸಿದರೆ ಅರ್ಧ ಮಕ್ಕಳು ಒಂದೇ ಆಟಕ್ಕೆ ಊರಿಗೆ ಮರಳಬೇಕು. ಇವೆರಡರ ನಡುವಿನ ದಾರಿಯೇ ಸ್ವಿಸ್ ಪದ್ಧತಿ. 1895ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ಪಟ್ಟಣದಲ್ಲಿ ಇದನ್ನು ಮೊದಲು ಬಳಸಿದರು. ಇದರಲ್ಲಿ ಸೋತವರನ್ನು ಹೊರಗೆ ಹಾಕುವುದಿಲ್ಲ. ಗೆದ್ದರೆ ಒಂದು ಅಂಕ, ಸಮವಾದರೆ ಅರ್ಧ, ಸೋತರೆ ಸೊನ್ನೆ. ಮೊದಲ ಸುತ್ತಿನಲ್ಲಿ ಮಕ್ಕಳನ್ನು ಅವರ ರೇಟಿಂಗ್ ಪ್ರಕಾರ ಸಾಲಾಗಿ ಬರೆದು, ಸಾಲನ್ನು ನಡುವೆ ಕತ್ತರಿಸಿ, ಮೇಲಿನ ಅರ್ಧದವರನ್ನು ಕೆಳಗಿನ ಅರ್ಧದವರ ಎದುರು ಕೂಡಿಸುತ್ತಾರೆ. ಒಂದನೆಯವನಿಗೆ ಐವತ್ತೊಂದನೆಯವನು, ಎರಡನೆಯವನಿಗೆ ಐವತ್ತೆರಡನೆಯವನು, ಹೀಗೆ. ನಮ್ಮ ಮಕ್ಕಳಿಗೆ ರೇಟಿಂಗ್ ಎಂಬುದೇ ಇರುವುದಿಲ್ಲ, ಆದ್ದರಿಂದ ಕೆಳಗಿನ ಅರ್ಧದಲ್ಲಿರುತ್ತಾರೆ. ಹೋದ ಕೂಡಲೇ ಎದುರಾಗುವವರು ವರ್ಷಗಟ್ಟಲೆ ಪಳಗಿದವರು. ಮೊದಲ ಆಟ ಸೋಲುವುದು ಹೆಚ್ಚು ಪಾಲು ಬರೆದಿಟ್ಟದ್ದೇ.

ಎರಡನೆಯ ಸುತ್ತಿನಿಂದ ಸಮ ಅಂಕದವರಿಗೆ ಸಮ ಅಂಕದವರು. ಗೆದ್ದವರು ಗೆದ್ದವರೊಡನೆ, ಸೋತವರು ಸೋತವರೊಡನೆ. ಒಮ್ಮೆ ಆಡಿದ ಜೋಡಿ ಮತ್ತೆ ಆಡುವಂತಿಲ್ಲ. ಸಮ ಆಟಗಳನ್ನು ಬಿಟ್ಟು ಲೆಕ್ಕ ಹಾಕಿ. ಒಂದನೆಯ ಸುತ್ತು ಮುಗಿದಾಗ ಸೊನ್ನೆ ಇರುವವರು ಐವತ್ತು ಮಂದಿ. ಎರಡನೆಯದು ಮುಗಿದಾಗ ಇಪ್ಪತ್ತೈದು. ಮೂರನೆಯದು ಮುಗಿದಾಗ ಹನ್ನೆರಡೋ ಹದಿಮೂರೋ. ನಾಲ್ಕನೆಯ ಸುತ್ತಿನಲ್ಲಿ ಆ ಹನ್ನೆರಡು ಹದಿಮೂರು ಮಂದಿಯೇ ತಮ್ಮತಮ್ಮಲ್ಲಿ ಆಡುತ್ತಾರೆ. ಸಮವಾಗದೆ ಮುಗಿದ ಪ್ರತಿ ಆಟದಲ್ಲೂ ಅವರಲ್ಲಿ ಒಬ್ಬರು ಗೆಲ್ಲಲೇಬೇಕು.

ಎಂದರೆ ಏನಾಯಿತು? ಮೂರು ಸೋತ ಮಗುವಿಗೆ ತನ್ನ ಸರಿಸಮಾನರು ಸಿಕ್ಕುವುದೇ ನಾಲ್ಕನೆಯ ಆಟದಲ್ಲಿ. ನಾವು ಬಸ್ಸು ಹತ್ತಿಸುವುದು ಮೂರನೆಯ ಆಟ ಮುಗಿದ ಮೇಲೆ. ಅದು ನೆಲ ಉತ್ತು, ಕಳೆ ತೆಗೆದು, ಮಳೆ ಬೀಳುವ ಹಿಂದಿನ ದಿನ ನೇಗಿಲು ಹೊತ್ತುಕೊಂಡು ಮನೆಗೆ ಬಂದ ಹಾಗೆ.

ಹಾಗೆಂದು, ಹಣ ಕಟ್ಟಿದ್ದೇವೆ, ಆದ್ದರಿಂದ ಆಡಲೇಬೇಕು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಅದೂ ತಪ್ಪು ಲೆಕ್ಕವೇ. ಮುಂಗಾರು ಕೈಕೊಟ್ಟು ಕಡಲೆಕಾಯಿಯ ಹೊಲ ಒಣಗಿ ನಿಂತಾಗ ತಾವು ಏನು ಮಾಡುತ್ತೀರಿ? ಬಿತ್ತಿದ ಬೀಜದ ಬೆಲೆ ಎಷ್ಟಾಯಿತು ಎಂದು ನೋಡಿ ಮುಂದಿನದನ್ನು ತೀರ್ಮಾನಿಸುವುದಿಲ್ಲ. ಅದು ಹೋದದ್ದು ಹೋಯಿತು. ಮಣ್ಣಿನಲ್ಲಿ ಹಸಿ ಇದೆಯೇ, ಇನ್ನು ಎಷ್ಟು ಮಳೆ ನಕ್ಷತ್ರ ಉಳಿದಿವೆ, ಹುರುಳಿಯನ್ನಾದರೂ ಹಾಕಿ ದನಕ್ಕೆ ಹೊಟ್ಟು ಮಾಡಿಕೊಳ್ಳಬಹುದೇ ಎಂದು ನೋಡುತ್ತೀರಿ. ಪಂದ್ಯದ ಪ್ರವೇಶ ಶುಲ್ಕವೂ ಬಿತ್ತಿದ ಬೀಜವೇ. ಉಳಿದರೂ ಬರುವುದಿಲ್ಲ, ಹೊರಟರೂ ಬರುವುದಿಲ್ಲ. ನೋಡಬೇಕಾದುದು ಮಗುವಿನಲ್ಲಿ ಹಸಿ ಇದೆಯೇ ಎಂಬುದನ್ನು.

ಇನ್ನೊಂದು ಉದಾಹರಣೆಯೂ ನಮ್ಮೂರಿನದೇ. ಸೌರ ವಿದ್ಯುತ್ ಪಾರ್ಕು ಬರುವಾಗ, 28 ವರ್ಷಕ್ಕೆ ಹೊಲ ಗುತ್ತಿಗೆ ಕೊಡುವುದೋ ಬೇಡವೋ ಎಂದು ಎಷ್ಟು ಮನೆಗಳಲ್ಲಿ ಎಷ್ಟು ರಾತ್ರಿ ಮಾತಾಯಿತು! ಕಾಗದ ಓದಿಸಿದಿರಿ, ಅಣ್ಣತಮ್ಮಂದಿರು ಕುಳಿತು ಆಡಿದಿರಿ, ಬಿಸಿಯಾದಿರಿ, ತಣ್ಣಗಾದಿರಿ. ಕೊಟ್ಟವರೂ ಉಂಟು, ಕೊಡದವರೂ ಉಂಟು. ಎರಡನ್ನೂ ಯೋಚಿಸಿಯೇ ಮಾಡಿದಿರಿ. ಮಗುವಿನ ಆಟವನ್ನು ಮಾತ್ರ ನಾವು ಐದು ನಿಮಿಷದಲ್ಲಿ, ಸಭಾಂಗಣದ ಬಾಗಿಲಲ್ಲಿ ನಿಂತು ತೀರ್ಮಾನಿಸಿಬಿಡುತ್ತೇವೆ.

ದೊಡ್ಡ ಆಟಗಾರರಿಗೂ ಈ ಸಂಕಟ ಬಿಟ್ಟಿಲ್ಲ. ವಿಶ್ವನಾಥನ್ ಆನಂದ್‌ರವರ ಹೆಸರನ್ನು ತಾವು ಕೇಳಿದ್ದೀರಿ. 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದವರು, ಐದು ಸಲ ವಿಶ್ವ ಪದವಿ ಗೆದ್ದವರು. 2013ರ ನವೆಂಬರಿನಲ್ಲಿ, ತಾವು ಬೆಳೆದ ಚೆನ್ನೈನಲ್ಲಿಯೇ, ತಮ್ಮ ಜನರ ಎದುರಿನಲ್ಲಿ, ನಾರ್ವೆ ದೇಶದ ಕಾರ್ಲ್‌ಸನ್ ಎಂಬ ತರುಣನಿಗೆ ಸೋತರು. ಹನ್ನೆರಡು ಆಟವೆಂದು ಗೊತ್ತುಮಾಡಿದ್ದ ಪಂದ್ಯ ಹತ್ತಕ್ಕೇ ಮುಗಿಯಿತು. ಮೂರು ಆಟ ಸೋತರು, ಒಂದನ್ನೂ ಗೆಲ್ಲಲಿಲ್ಲ. ವಯಸ್ಸು ನಲವತ್ತನಾಲ್ಕು ಆಗುತ್ತಿತ್ತು. ಇನ್ನು ಇವರ ಕಾಲ ಮುಗಿಯಿತು ಎಂದು ಬಹಳ ಮಂದಿ ಬರೆದರು.

ಮುಂದಿನ ಮಾರ್ಚ್ ತಿಂಗಳಲ್ಲಿ ರಷ್ಯಾದ ಸೈಬೀರಿಯಾ ಪ್ರಾಂತದ ಖಾಂತಿ-ಮಾನ್ಸಿಸ್ಕ್ ಎಂಬಲ್ಲಿ, ವಿಶ್ವ ಪದವಿಗೆ ಮುಂದಿನ ಸವಾಲುಗಾರನನ್ನು ಆರಿಸುವ ಪಂದ್ಯಾವಳಿ ಇತ್ತು. ಆನಂದ್‌ರವರಿಗೆ ಅಲ್ಲಿ ಸ್ಥಾನ ಉಂಟು, ಹೋಗುವ ಮನಸ್ಸಿಲ್ಲ. ಆಗ ಹೋಗು ಎಂದು ಒತ್ತಿ ಹೇಳಿದವರಲ್ಲಿ ರಷ್ಯಾದ ಕ್ರಾಮ್ನಿಕ್ ಒಬ್ಬರು. ಈ ಕ್ರಾಮ್ನಿಕ್ ಯಾರು? 2008ರಲ್ಲಿ ಆನಂದ್‌ರವರಿಗೆ ಸೋತ ಎದುರಾಳಿ, ಮತ್ತು ಸೈಬೀರಿಯಾದ ಅದೇ ಪಂದ್ಯಾವಳಿಯಲ್ಲಿ ಆಡಲಿದ್ದ ಪೈಪೋಟಿಯವರು. ಪಕ್ಕದ ಹೊಲದವನು, ನಿನ್ನ ಹೊಲ ಬೀಳು ಬಿಡಬೇಡ, ಬಿತ್ತು ಎಂದು ಹೇಳಿದ ಹಾಗೆ. ಆನಂದ್ ಹೋದರು. ಹದಿನಾಲ್ಕು ಆಟದಲ್ಲಿ ಮೂರು ಗೆದ್ದು, ಹನ್ನೊಂದು ಸಮ ಮಾಡಿ, ಒಂದನ್ನೂ ಸೋಲದೆ ಮೊದಲಿಗರಾದರು.

ಕಥೆಯನ್ನು ಅಲ್ಲಿಗೇ ನಿಲ್ಲಿಸಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಪೂರ್ತಿ ಹೇಳಬೇಕು. ಅದೇ 2014ರ ನವೆಂಬರಿನಲ್ಲಿ ರಷ್ಯಾದ ಸೋಚಿಯಲ್ಲಿ ಅವರು ಕಾರ್ಲ್‌ಸನ್ ಎದುರು ಮತ್ತೆ ಆಡಿ, ಮತ್ತೆ ಸೋತರು. ಪದವಿ ಮರಳಿ ಬರಲಿಲ್ಲ. ಈ ಸಲ ಒಂದು ಆಟ ಗೆದ್ದಿದ್ದರು, ಅಷ್ಟೆ. ಉಳಿದವರಿಗೆ ಗೆಲುವು ಖಂಡಿತ ಎಂದು ಯಾರಾದರೂ ತಮಗೆ ಹೇಳಿದರೆ ನಂಬಬೇಡಿ.

2024ರ ಏಪ್ರಿಲಿನಲ್ಲಿ ಕೆನಡಾದ ಟೊರಾಂಟೋದಲ್ಲಿ ಅದೇ ಬಗೆಯ ಪಂದ್ಯಾವಳಿಯಲ್ಲಿ ನಮ್ಮ ಗುಕೇಶ್, ಹದಿನೇಳರ ಹುಡುಗ, ಏಳನೆಯ ಸುತ್ತಿನಲ್ಲಿ ಗಡಿಯಾರದ ಒತ್ತಡದಲ್ಲಿ ಎಡವಿ ಸೋತ. ಮಾರನೆಯ ದಿನ ವಿಶ್ರಾಂತಿಯ ದಿನವಾಗಿತ್ತು. ಅದರ ಮಾರನೆಯ ದಿನ ಆಡಿ ಗೆದ್ದ, ಕೊನೆಗೆ ಪಂದ್ಯಾವಳಿಯನ್ನೇ ಗೆದ್ದ. ಸಿಂಗಪುರದಲ್ಲಿ ವಿಶ್ವ ಪದವಿಯ ಮೊದಲನೆಯ ಆಟವನ್ನೇ ಸೋತು, ಡಿಸೆಂಬರಿನಲ್ಲಿ ಕೊನೆಯದಾದ ಹದಿನಾಲ್ಕನೆಯದನ್ನು ಗೆದ್ದು ಪದವಿ ಪಡೆದ. ನನಗೆ ಇದರಲ್ಲಿ ಪದವಿಗಿಂತ ಆ ವಿಶ್ರಾಂತಿಯ ದಿನವೇ ದೊಡ್ಡದಾಗಿ ಕಾಣುತ್ತದೆ. ನಮ್ಮ ಎರಡು ದಿನದ ಪಂದ್ಯಗಳಲ್ಲಿ ಅಂಥ ದಿನವಿಲ್ಲ. ಇರುವುದು ಒಂದು ರಾತ್ರಿ. ಆ ರಾತ್ರಿಯನ್ನು ಬಸ್ಸಿನಲ್ಲಿ ಕಳೆಯಬಾರದು.

ಹಾಗಾದರೆ ನಡುವೆ ಬಿಡಲೇಬಾರದೇ? ಬಿಡಬಹುದು. ಮಗುವಿಗೆ ಜ್ವರ ಬಂದರೆ ಬಿಡಬೇಕು. ಊಟ ಸೇರದೆ, ನಿದ್ದೆ ಬಾರದೆ, ಬೆಳಿಗ್ಗೆಯೂ ಅಳುತ್ತಿದ್ದರೆ ಬಿಡಬೇಕು. ಮನೆಯಲ್ಲಿ ಸಾವುನೋವು ಆದರೆ ಕೇಳುವುದೇ ಬೇಡ. ಒಬ್ಬ ಹುಡುಗನಿಗೆ ಎರಡನೆಯ ದಿನ ಬೆಳಿಗ್ಗೆ ಮೈ ಸುಡುತ್ತಿತ್ತು. ಎರಡು ಆಟ ಗೆದ್ದಿದ್ದ, ಬಿಡಲಾರೆ ಎಂದು ಹಟ ಹಿಡಿದ. ನಾವು ಕೇಳಲಿಲ್ಲ, ಕರೆದುಕೊಂಡು ಬಂದೆವು. ಅದರ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಆದರೆ ಬಿಡುವಾಗ ಹೇಳಿ ಬಿಡಬೇಕು. ಮುಂದಿನ ಸುತ್ತಿನ ಜೋಡಿ ಹಾಕುವ ಮೊದಲೇ ತೀರ್ಪುಗಾರರ ಮೇಜಿಗೆ ಹೋಗಿ, ನಮ್ಮ ಮಗು ಇನ್ನು ಆಡುವುದಿಲ್ಲ, ಹೆಸರು ತೆಗೆಯಿರಿ ಎಂದರೆ ಮುಗಿಯಿತು. ಯಾರೂ ಬೈಯುವುದಿಲ್ಲ. ಹೇಳದೆ ಹೊರಟರೆ ಇನ್ನೊಬ್ಬರ ಮಗು ಖಾಲಿ ಕುರ್ಚಿಗೆ ಕಾಯಬೇಕು. ಅದಕ್ಕೆ ಪುಕ್ಕಟೆ ಅಂಕ ಸಿಕ್ಕೀತು, ಆಟ ಸಿಕ್ಕದು. ಅದೂ ನಮ್ಮ ಹಾಗೆಯೇ ದೂರದ ಊರಿನಿಂದ ಬಸ್ಸು ಹತ್ತಿ ಬಂದ ಮಗುವಾಗಿರಬಹುದು. ಎಲ್ಲರೂ ಎಲ್ಲರೊಡನೆ ಆಡುವ ಪಂದ್ಯಾವಳಿಯಲ್ಲಂತೂ ಪರಿಣಾಮ ಇನ್ನೂ ಹೆಚ್ಚು. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಆ ಕಾರ್ಲ್‌ಸನ್ನೇ ಮೂರನೆಯ ಸುತ್ತಿನಲ್ಲಿ ಸೋತು, ಮಾರನೆಯ ದಿನ ಪಂದ್ಯಾವಳಿ ಬಿಟ್ಟು ಹೊರಟ. ಎದುರಾಳಿಯ ಮೇಲೆ ಅವನಿಗೆ ಅನುಮಾನವಿತ್ತು. ಆ ಜಗಳದ ನ್ಯಾಯ ನಮಗೆ ಬೇಡ. ಅವನು ಅರ್ಧಕ್ಕಿಂತ ಕಡಿಮೆ ಆಟ ಆಡಿದ್ದರಿಂದ, ನಿಯಮದ ಪ್ರಕಾರ ಅವನ ಮೂರು ಆಟಗಳೂ ಅಂಕಪಟ್ಟಿಯಿಂದ ಹೋದವು. ಅವನಿಗೆ ಸೋತಿದ್ದವರ ಸೋಲು ಅಳಿಸಿತು, ಅವನನ್ನು ಗೆದ್ದವನ ಗೆಲುವೂ ಅಳಿಸಿತು. ಒಬ್ಬನು ಎದ್ದು ಹೋದರೆ ಉಳಿದವರ ಲೆಕ್ಕವೂ ಕದಡುತ್ತದೆ.

ರೇಟಿಂಗ್ ಕೆಡುತ್ತದೆ ಎಂಬ ಭಯ ಕೆಲವರಿಗೆ. ಇನ್ನೂ ರೇಟಿಂಗ್ ಬಾರದ ಮಗು ತನ್ನ ಮೊದಲ ಪಂದ್ಯಾವಳಿಯಲ್ಲಿ ಪೂರ್ತಿ ಸೊನ್ನೆ ಪಡೆದರೆ, ಅಂತರರಾಷ್ಟ್ರೀಯ ಒಕ್ಕೂಟದವರು ಆ ಸೊನ್ನೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈಗಾಗಲೇ ಆಡಿ ಸೋತ ಆಟಗಳು ನಡುವೆ ಎದ್ದು ಬಂದ ಮಾತ್ರಕ್ಕೆ ಅಳಿಸುವುದೂ ಇಲ್ಲ. ಆದ್ದರಿಂದ ಆ ಭಯಕ್ಕಾಗಿ ಬಸ್ಸು ಹತ್ತಬೇಕಾಗಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಕಡೆಯ ಒಬ್ಬ ಹುಡುಗಿಯನ್ನು ಅವಳ ತಂದೆಯೊಡನೆ ಕರೆದುಕೊಂಡು ಹೋಗಿದ್ದೆ. ಶನಿವಾರ ಮೂರಕ್ಕೆ ಮೂರೂ ಸೋಲು. ತಂದೆಗೆ ಕಡಲೆಕಾಯಿ ಕೀಳುವ ಕೆಲಸ ಅರ್ಧಕ್ಕೆ ನಿಂತಿತ್ತು. "ಹೊರಡೋಣ ಮೇಷ್ಟ್ರೇ, ಈಗಲೇ ಬಸ್ಸಿದೆ" ಎಂದರು. "ಮೊದಲು ಮಗು ಉಣ್ಣಲಿ" ಎಂದೆ. ಉಂಡಳು. ಉಂಡ ಮೇಲೆ "ಮಲಗಲಿ" ಎಂದೆ. ಮಲಗಿದಳು. ತಂದೆ ಮಾತ್ರ ನಡುರಾತ್ರಿಯವರೆಗೂ ಜಗುಲಿಯ ಮೇಲೆ ಬೀಡಿ ಸೇದುತ್ತ ಕುಳಿತಿದ್ದರು. ನನ್ನ ಮೇಲೆ ಅವರಿಗೆ ಕೋಪವಿತ್ತು, ನ್ಯಾಯವಾದ ಕೋಪವೇ.

ಬೆಳಿಗ್ಗೆ ಅವಳನ್ನು ಕೇಳಿದೆವು. "ಇನ್ನೂ ಮೂರು ಆಟ ಇದೆ. ಆಡುತ್ತೀಯಾ, ಊರಿಗೆ ಹೋಗೋಣವೇ? ಯಾವುದು ಹೇಳಿದರೂ ಬೈಯುವುದಿಲ್ಲ." ತಂದೆಯೇ ಬಾಯಿಬಿಟ್ಟು ಇದನ್ನು ಹೇಳಬೇಕೆಂದು ನಾನು ಹಟ ಮಾಡಿದ್ದೆ, ಅವರೇ ಹೇಳಿದರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿನ್ನೆ ನಾನು ಕುದುರೆಗಳನ್ನು ಹೊರಗೆ ತರಲೇ ಇಲ್ಲ. ಬರೀ ಮಂತ್ರಿಯನ್ನು ಓಡಿಸಿದೆ. ಇವತ್ತು ತರುತ್ತೇನೆ" ಎಂದಳು. ಆಡುತ್ತೇನೆ ಎಂದು ಬೇರೆ ಹೇಳಲಿಲ್ಲ.

ನಾಲ್ಕನೆಯ ಆಟ ಗೆದ್ದಳು. ಐದನೆಯದು ಎಷ್ಟು ಹೊತ್ತಾದರೂ ಮುಗಿಯದು. ಸಭಾಂಗಣ ಖಾಲಿಯಾಗಿ, ಇವರದೊಂದೇ ಮೇಜು ಉಳಿದು, ಕೊನೆಗೆ ಎರಡು ಕಡೆಯೂ ರಾಜರಿಬ್ಬರೇ ಉಳಿದು ಸಮವಾಯಿತು. ಆರನೆಯದು ಸೋತಳು. ಬಹುಮಾನವೂ ಇಲ್ಲ, ಬಿಲ್ಲೆಯೂ ಇಲ್ಲ. ಆರಕ್ಕೆ ಒಂದೂವರೆ. ಬಸ್ಸಿನಲ್ಲಿ ತಂದೆ ಲೆಕ್ಕ ಹಾಕಿ, "ಆರು ಚೀಲ ಬಿತ್ತಿ ಒಂದೂವರೆ ಚೀಲ ಬೆಳೆದಂತಾಯಿತು. ನಮ್ಮ ಹೊಲಕ್ಕೆ ಇದು ಒಳ್ಳೆಯ ವರ್ಷವೇ" ಎಂದರು. ಸುತ್ತ ಕುಳಿತವರೆಲ್ಲ ನಕ್ಕರು. ಪಾವಗಡದಲ್ಲಿ ಇಳಿಯುವಾಗ, ಮುಂದಿನ ಪಂದ್ಯ ಯಾವಾಗ ಎಂದು ಕೇಳಿದವರೂ ಅವರೇ. ಕಡಲೆಕಾಯಿ ಕಿತ್ತ ಮೇಲಾದರೆ ಒಳ್ಳೆಯದು ಎಂದು ಸೇರಿಸಿದರು.

ನಮ್ಮ ರಾಜ್ಯದ ಮಾತನ್ನೂ ಹೇಳಿಬಿಡುತ್ತೇನೆ. ಆನಂದ್ 1988ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕಕ್ಕೆ ತನ್ನ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್‌ರವರು. ಇಪ್ಪತ್ತೊಂಬತ್ತು ವರ್ಷ ಕಾಯಬೇಕಾಯಿತು. ಆ ಹೊತ್ತಿಗೆ ಅವರಿಗೂ ಮೂವತ್ತು ದಾಟಿತ್ತು. ಈಗ ಹನ್ನೆರಡು ಹದಿಮೂರಕ್ಕೇ ಆ ಪದವಿ ಪಡೆಯುವ ಹುಡುಗರಿದ್ದಾರೆ. ಮೂವತ್ತು ದಾಟುವವರೆಗೆ ಪಂದ್ಯಕ್ಕೆ ಹೋಗುತ್ತಲೇ ಇದ್ದವರು ಎಷ್ಟು ಸಲ ಸೋತ ಆಟವನ್ನು ತಲೆಯಲ್ಲಿಟ್ಟುಕೊಂಡು ರೈಲಿನಲ್ಲಿ ಕುಳಿತಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ.

ನನ್ನನ್ನು ದಾರಿಯಲ್ಲಿ ತಡೆದು ಕೇಳಿದ ಆ ರೈತರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಮಗನೂ ಪಕ್ಕದಲ್ಲಿದ್ದಾನೆ. ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ನಾನು ಹೇಳಲಾರೆ. ಹುಡುಗನಿಗೆ ಅಂದು ಉಳಿಯುವ ಮನಸ್ಸಿತ್ತೇ ಇಲ್ಲವೇ ಎಂಬುದು ಅವನಿಗೆ ಮಾತ್ರ ಗೊತ್ತು, ಅವನನ್ನು ಇದುವರೆಗೂ ಯಾರೂ ಕೇಳಿಲ್ಲವಂತೆ. ಸಭೆಗೆ ಬರುವ ಮೊದಲು ಅವನೊಡನೆ ಎರಡು ಮಾತಾಡಿದೆ. ಆ ಮೂರು ಆಟಗಳನ್ನು ಬರೆದ ಹಾಳೆಗಳು ಅವನ ಜೇಬಿನಲ್ಲಿ ಇನ್ನೂ ಇವೆಯಂತೆ. ನಾನು ಮಣೆ ತಂದಿದ್ದೇನೆ. ಗೊಬ್ಬರದ ಮಾತು ಮುಗಿದ ಮೇಲೆ, ಮನಸ್ಸಿದ್ದವರು ಈ ಕಡೆ ಬನ್ನಿ. ಹುಡುಗ ಕಾಯಿ ನಡೆಸುತ್ತಾನೆ, ತಂದೆ ಅವನ ಎದುರು ಕುಳಿತುಕೊಳ್ಳಲಿ, ಮೂರನೆಯ ಆಟವನ್ನು ಮೊದಲಿನಿಂದ ಹಾಕಿ ನೋಡೋಣ.